ಮಾರ್ಗದರ್ಶಕರು ಮತ್ತು ವಿದ್ಯಾರ್ಥಿಗಳು: ಹತ್ತಿರವೂ ಇರಲಿ, ಅಂತರವೂ ಇರಲಿ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರಗಳ ಜೊತೆ ಒಂದು ಪಾಠ ಲೇಖನವೂ ಇರಬೇಕೆಂಬುದು ನಮ್ಮ ಶಿಕ್ಷಣ ಸಮಿತಿಯ ಅಪೇಕ್ಷೆ. ವಿದ್ಯಾರ್ಥಿವೇತನ ಪಡೆಯುವ ಪ್ರತಿಯೊಬ್ಬರಿಗೂ ಒಬ್ಬ ಉಪನ್ಯಾಸಕರನ್ನು ಮಾರ್ಗದರ್ಶಕರಾಗಿ ಗೊತ್ತುಮಾಡುವ ಪದ್ಧತಿ ನಮ್ಮಲ್ಲಿದೆ. ಶುಲ್ಕದ ಹಣವನ್ನು ಒಂದು ಚೆಕ್ಕಿನಲ್ಲಿ ಕೊಡಬಹುದು. ಆದರೆ ಯಾವ ಕೋರ್ಸ್ ಸೇರಬೇಕು, ಹಿಂದುಳಿದ ವಿಷಯವನ್ನು ಹೇಗೆ ಕಟ್ಟಿಕೊಳ್ಳಬೇಕು, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ಹೇಳಿಕೊಡಲು ಒಬ್ಬ ಮನುಷ್ಯನೇ ಬೇಕು. ಆ ಮನುಷ್ಯ ಮತ್ತು ವಿದ್ಯಾರ್ಥಿಯ ನಡುವಿನ ಸಂಬಂಧ ಹೇಗಿರಬೇಕು ಎಂಬುದೇ ಈ ಪಾಠದ ವಿಷಯ.

ಮೊದಲು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ನಾನು ಹೊಸದಾಗಿ ಪಾಠ ಮಾಡತೊಡಗಿದ್ದಾಗ ಒಬ್ಬ ಹುಡುಗ ನನ್ನ ಬಳಿ ಬರುತ್ತಿದ್ದ. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಚುರುಕು ಬುದ್ಧಿ, ಸಂಕೋಚದ ಸ್ವಭಾವ. 'ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡು' ಎಂದೆ. ಶುಲ್ಕ ಕಟ್ಟಲಾಗದೆ ನಿಂತಾಗ ಯಾರಿಗೂ ಹೇಳದೆ ನನ್ನ ಜೇಬಿನಿಂದಲೇ ಕಟ್ಟಿದೆ. ಹಬ್ಬಕ್ಕೆ ಮನೆಗೆ ಕರೆದೆ. 'ನೀನು ನನ್ನ ತಮ್ಮನಿದ್ದ ಹಾಗೆ' ಎಂದೂ ಹೇಳಿದೆ. ಮೂರನೆಯ ಸೆಮಿಸ್ಟರ್‌ನಲ್ಲಿ ಅವನು ಎರಡು ವಿಷಯಗಳಲ್ಲಿ ಫೇಲಾದ. ನನಗೆ ಹೇಳಲಿಲ್ಲ. ನಾನು ಕೇಳಿದಾಗ 'ಚೆನ್ನಾಗಿದೆ ಸರ್' ಎಂದ. ನಂತರ ಫೋನ್ ಎತ್ತುವುದನ್ನು ಬಿಟ್ಟ, ಆಮೇಲೆ ಕಾಲೇಜಿಗೆ ಬರುವುದನ್ನೂ ಬಿಟ್ಟ. ತಿಂಗಳುಗಳು ಕಳೆದ ಮೇಲೆ ಅವನ ತಂದೆ ಪೇಟೆಯಲ್ಲಿ ಸಿಕ್ಕಿ ಹೇಳಿದ ಮಾತು ಇದು: 'ನಿಮ್ಮ ಹಣ ತಿಂದು ಫೇಲಾದೆ, ಸರ್ ಮುಖ ಹೇಗೆ ನೋಡಲಿ ಅಂತಾನೆ.'

ನಾನು ಅವನಿಗೆ ಕೆಟ್ಟದ್ದನ್ನು ಬಯಸಿರಲಿಲ್ಲ. ಆದರೆ ನನ್ನ ಒಳ್ಳೆಯತನವೇ ಅವನಿಗೆ ಋಣವಾಯಿತು, ಆ ಋಣ ನಾಚಿಕೆಯಾಯಿತು, ನಾಚಿಕೆ ಅವನ ಓದನ್ನೇ ನುಂಗಿತು. ಅದೇ ಹಣ ಒಂದು ಸಂಸ್ಥೆಯ ಮೂಲಕ ನಿಯಮದಂತೆ ಬಂದಿದ್ದರೆ ಅವನು ಫೇಲಾದ ದಿನವೇ ನನ್ನ ಬಳಿ ಬರುತ್ತಿದ್ದ. ಸಂಬಂಧದ ಗೆರೆ ದಾಟುವುದು ದುಷ್ಟರು ಮಾತ್ರವಲ್ಲ, ಸದುದ್ದೇಶದವರೂ ದಾಟುತ್ತಾರೆ. ಇದು ಈ ಪಾಠದ ಮೊದಲ ಅಂಶ.

ಮಾರ್ಗದರ್ಶನ ಎಂದರೇನು?

ಅಮೆರಿಕದ ವಿದ್ವಾಂಸೆ ಕ್ಯಾಥಿ ಕ್ರ್ಯಾಮ್ 1980ರ ದಶಕದಲ್ಲಿ ಕೆಲಸದ ಸ್ಥಳಗಳಲ್ಲಿ ಹಿರಿಯರು ಕಿರಿಯರನ್ನು ಬೆಳೆಸುವ ಬಗೆಯನ್ನು ಅಧ್ಯಯನ ಮಾಡಿದರು. ಮಾರ್ಗದರ್ಶಕರು ಎರಡು ಬಗೆಯ ಕೆಲಸ ಮಾಡುತ್ತಾರೆ ಎಂಬುದು ಅವರ ವಿವರಣೆ. ಒಂದು, ವೃತ್ತಿಗೆ ಸಂಬಂಧಿಸಿದ್ದು: ದಾರಿ ತೋರಿಸುವುದು, ಪರಿಚಯಿಸುವುದು, ಸವಾಲಿನ ಕೆಲಸ ಕೊಡುವುದು. ಇನ್ನೊಂದು, ಮನಸ್ಸಿಗೆ ಸಂಬಂಧಿಸಿದ್ದು: ಧೈರ್ಯ ತುಂಬುವುದು, ಮಾದರಿಯಾಗಿರುವುದು, ಕಿವಿಗೊಡುವುದು. ಈ ಸಂಬಂಧಕ್ಕೆ ನಾಲ್ಕು ಘಟ್ಟಗಳಿವೆ ಎಂದೂ ಅವರು ಗುರುತಿಸಿದರು. ಆರಂಭ, ಬೆಳವಣಿಗೆ, ಬೇರ್ಪಡುವುದು, ಕೊನೆಗೆ ಹೊಸ ರೂಪ ಪಡೆಯುವುದು.

ಮೂರನೆಯ ಘಟ್ಟವನ್ನು ಗಮನಿಸಿ. ಬೇರ್ಪಡುವುದು ಸಂಬಂಧದ ಸೋಲಲ್ಲ, ಅದರ ಸಹಜ ಗುರಿ. ನಮ್ಮ ಸಹಾಯವಿಲ್ಲದೆ ನಡೆಯುವಂತೆ ಮಾಡುವುದೇ ಮಾರ್ಗದರ್ಶಕರ ಕೆಲಸ. 'ನನ್ನನ್ನು ಕೇಳದೆ ಏನೂ ಮಾಡಬೇಡ' ಎನ್ನುವವರು ಮಾರ್ಗದರ್ಶನ ಮಾಡುತ್ತಿಲ್ಲ, ಹಿಡಿದಿಟ್ಟುಕೊಂಡಿದ್ದಾರೆ.

ಈ ಚಿಂತನೆ ನಮಗೆ ಹೊಸದೇನಲ್ಲ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದ ಜ್ಞಾನದ ಅಧ್ಯಾಯದಲ್ಲಿ ವಿದ್ಯಾರ್ಥಿಯ ಕರ್ತವ್ಯಗಳನ್ನು ಮಾತ್ರ ಬರೆದು ನಿಲ್ಲಿಸಲಿಲ್ಲ, ಗುರುವಿನ ಕರ್ತವ್ಯಗಳನ್ನೂ ಪಟ್ಟಿ ಮಾಡಿದರು. ವಿದ್ಯಾರ್ಥಿಯನ್ನು ಸ್ವಂತ ಮಗುವಿನಂತೆ ಕಾಣಬೇಕು, ಕಲಿಸಿದ್ದಕ್ಕೆ ಪ್ರತಿಫಲ ಬಯಸಬಾರದು, ತಪ್ಪನ್ನು ಎಲ್ಲರೆದುರು ಎತ್ತಿ ಆಡದೆ ಸೂಚ್ಯವಾಗಿ ತಿದ್ದಬೇಕು, ಬೇರೆ ವಿದ್ಯೆಗಳನ್ನು ವಿದ್ಯಾರ್ಥಿಯ ಮುಂದೆ ಹೀಗಳೆಯಬಾರದು ಎಂಬುವು ಅವುಗಳಲ್ಲಿ ಕೆಲವು. ಗೌರವ ವಿದ್ಯಾರ್ಥಿಯ ಕಡೆಯಿಂದ ಹರಿಯುವಾಗ ಹೊಣೆ ಗುರುವಿನ ಕಡೆಯಿಂದ ಹರಿಯಬೇಕು ಎಂಬುದೇ ಇದರ ತಿರುಳು.

ತಕ್ಕಡಿ ಸಮವಾಗಿಲ್ಲ

ಕಾಲೇಜಿನಲ್ಲಿ ಇಂಟರ್ನಲ್ ಅಂಕ ಕೊಡುವವರು, ಹಾಜರಾತಿ ಬರೆಯುವವರು, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವವರು, ಶಿಫಾರಸು ಪತ್ರ ಬರೆಯುವವರು ಉಪನ್ಯಾಸಕರು. ಪಿಎಚ್.ಡಿ. ವಿದ್ಯಾರ್ಥಿಯ ಮಟ್ಟಿಗಂತೂ ಪ್ರಬಂಧ, ಫೆಲೋಶಿಪ್ ಕಡತ, ಮುಂದಿನ ಉದ್ಯೋಗ ಎಲ್ಲವೂ ಒಬ್ಬರ ಸಹಿಯ ಮೇಲೆ ನಿಂತಿರುತ್ತವೆ. ಹೀಗಿರುವಾಗ ವಿದ್ಯಾರ್ಥಿ ಹೇಳುವ 'ಆಗಲಿ ಸರ್' ಎಂಬ ಮಾತಿನಲ್ಲಿ ಎಷ್ಟು ಒಪ್ಪಿಗೆ, ಎಷ್ಟು ಭಯ ಎಂದು ಅಳೆಯುವುದು ಕಷ್ಟ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಪದವಿ ಓದಿದವರಿಲ್ಲ. ಉಪನ್ಯಾಸಕರು ಮಾಡಿದ್ದು ಸರಿಯೇ ತಪ್ಪೇ ಎಂದು ಕೇಳಲು ಅಣ್ಣನಿಲ್ಲ, ಅಕ್ಕನಿಲ್ಲ. ಮದ್ರಸದ ಉಸ್ತಾದರ ಮುಂದೆ ತಲೆತಗ್ಗಿಸಿ ನಿಂತು ಕಲಿತ ಮಕ್ಕಳು ಕಾಲೇಜಿನ ಮೇಷ್ಟ್ರ ಮುಂದೆಯೂ ಹಾಗೆಯೇ ನಿಲ್ಲುತ್ತಾರೆ. ಗೌರವ ಒಳ್ಳೆಯದು. ಆದರೆ ಗೌರವ ಎಂಬುದು 'ಇಲ್ಲ' ಎನ್ನಲಾಗದ ಸ್ಥಿತಿಯಾಗಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಗಂಟಿದೆ, ಅದನ್ನು ಬಿಚ್ಚಿ ಹೇಳಲೇಬೇಕು. ಒಬ್ಬ ಹುಡುಗಿಗೆ ಕಾಲೇಜಿನಲ್ಲಿ ತೊಂದರೆಯಾಗುತ್ತದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಹೇಳಿದರೆ ಬರುವ ಮೊದಲ ಮಾತು ಯಾವುದು? 'ನಾಳೆಯಿಂದ ಹೋಗಬೇಡ.' ತಪ್ಪು ಮಾಡಿದವರು ಪಾಠ ಮಾಡುತ್ತಲೇ ಇರುತ್ತಾರೆ, ತಪ್ಪಿಲ್ಲದವಳ ಓದು ನಿಲ್ಲುತ್ತದೆ. ಇದು ಗೊತ್ತಿರುವುದರಿಂದಲೇ ಅವಳು ಹೇಳುವುದಿಲ್ಲ. ಅವಳು ಹೇಳುವುದಿಲ್ಲ ಎಂಬುದು ತಪ್ಪು ಮಾಡುವವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಈ ಗಂಟು ಬಿಡಿಸುವ ಕೆಲಸ ಹುಡುಗಿಯದಲ್ಲ, ನಮ್ಮದು.

ಆರು ಗೆರೆಗಳು

ಗೆರೆ ಎಂದರೆ ಗೋಡೆಯಲ್ಲ. ಗದ್ದೆಗೆ ಬದು ಇದ್ದರೆ ನೀರು ನಿಲ್ಲುತ್ತದೆ, ಬೆಳೆ ಬರುತ್ತದೆ. ಇದೂ ಹಾಗೆಯೇ.

1. ಸಮಯ. ಭೇಟಿಗೆ ದಿನ ಮತ್ತು ಗಂಟೆ ನಿಗದಿಯಾಗಿರಲಿ. ತಿಂಗಳಿಗೆ ಎರಡು ಸಲ ಅರ್ಧ ಗಂಟೆಯ ಮಾತು, ಯಾವಾಗ ಬೇಕಾದರೂ ಎಂಬ ಭರವಸೆಗಿಂತ ಹೆಚ್ಚು ಉಪಯುಕ್ತ. ಮೊದಲನೆಯದನ್ನು ಉಳಿಸಿಕೊಳ್ಳಬಹುದು, ಎರಡನೆಯದನ್ನು ಯಾರೂ ಉಳಿಸಿಕೊಳ್ಳಲಾರರು.

2. ಸ್ಥಳ. ವಿಭಾಗದ ಕೊಠಡಿ, ಗ್ರಂಥಾಲಯ, ಟ್ರಸ್ಟ್ ಕಚೇರಿಯಂಥ ಜನರ ಓಡಾಟವಿರುವ ಜಾಗದಲ್ಲಿ ಭೇಟಿಯಾಗಲಿ. ಬಾಗಿಲು ತೆರೆದಿರಲಿ. ಮನೆಗೆ ಕರೆಯುವುದಾದರೆ ಒಬ್ಬರನ್ನೇ ಬೇಡ, ಗುಂಪನ್ನು ಕರೆಯಿರಿ. ಇದು ವಿದ್ಯಾರ್ಥಿಯನ್ನು ಕಾಪಾಡುವಂತೆ ಮಾರ್ಗದರ್ಶಕರನ್ನೂ ಕಾಪಾಡುತ್ತದೆ.

3. ಫೋನ್ ಮತ್ತು ಸಂದೇಶ. ಓದಿಗೆ ಸಂಬಂಧಿಸಿದ ಮಾತು ಮಾತ್ರ. ರಾತ್ರಿ ಒಂಬತ್ತರ ನಂತರ ಸಂದೇಶ ಬೇಡ. ಓದಿದ ಕೂಡಲೇ ಅಳಿಸಿಹೋಗುವ ಸಂದೇಶ ಬೇಡವೇ ಬೇಡ. ವಿದ್ಯಾರ್ಥಿಯ ಫೋಟೋ, ಡಿಪಿ, ಸ್ಟೇಟಸ್‌ಗಳ ಬಗ್ಗೆ ಮಾತು ಅನಗತ್ಯ. ಒಂದು ಸುಲಭದ ಪರೀಕ್ಷೆ: ಈ ಸಂದೇಶವನ್ನು ಅವಳ ತಾಯಿ ಅಥವಾ ನನ್ನ ಪ್ರಾಂಶುಪಾಲರು ಓದಿದರೆ ನನಗೆ ಮುಜುಗರವಾಗುತ್ತದೆಯೇ? ಆಗುವುದಾದರೆ ಕಳಿಸಬೇಡಿ.

4. ಹಣ. ಮಾರ್ಗದರ್ಶಕರು ವಿದ್ಯಾರ್ಥಿಗೆ ಖಾಸಗಿಯಾಗಿ ಸಾಲ ಕೊಡುವುದೂ ಬೇಡ, ವಿದ್ಯಾರ್ಥಿಯಿಂದ ಉಡುಗೊರೆ ಪಡೆಯುವುದೂ ಬೇಡ. ಸಹಾಯ ಮಾಡುವ ಮನಸ್ಸಿದ್ದರೆ ಟ್ರಸ್ಟಿನ ನಿಧಿಗೆ ಕೊಡಿ, ಅದು ಹೆಸರಿಲ್ಲದೆ ತಲುಪಲಿ. ನನ್ನ ಹಳೆಯ ವಿದ್ಯಾರ್ಥಿಯ ಕತೆಯಿಂದ ನಾನು ಕಲಿತ ಪಾಠವಿದು.

5. ಕೆಲಸ. ಉಪನ್ಯಾಸಕರ ಮನೆಯ ಸಾಮಾನು ತರುವುದು, ಮಕ್ಕಳಿಗೆ ಟ್ಯೂಷನ್ ಹೇಳುವುದು, ಉತ್ತರಪತ್ರಿಕೆಯ ಅಂಕ ಕೂಡಿಸುವುದು ವಿದ್ಯಾರ್ಥಿಯ ಕೆಲಸಗಳಲ್ಲ. ಸಂಶೋಧನೆಯಲ್ಲಿ ಇದು ಇನ್ನೂ ಸೂಕ್ಷ್ಮ. ವಿದ್ಯಾರ್ಥಿ ಬರೆದ ಲೇಖನಕ್ಕೆ ಏನೂ ಮಾಡದವರ ಹೆಸರು ಸೇರುವುದು ಅನೇಕ ಕಡೆ ಸಂಪ್ರದಾಯದಂತೆ ನಡೆದಿದೆ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳಿವೆ: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ಅದರ ಮಹತ್ವದ ಪರಿಷ್ಕರಣೆ, ಅಂತಿಮ ಪ್ರತಿಗೆ ಒಪ್ಪಿಗೆ, ಕೆಲಸದ ಹೊಣೆಗಾರಿಕೆ. ನಾಲ್ಕೂ ಇರಬೇಕು. ಅನುದಾನ ತಂದುಕೊಟ್ಟದ್ದು ಅಥವಾ ಮೇಲ್ವಿಚಾರಣೆ ನಡೆಸಿದ್ದು ಮಾತ್ರ ಸಾಲದು. ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಕೆಲಸ ಆರಂಭಿಸುವಾಗಲೇ ಮಾತನಾಡಿ, ಬರೆದಿಟ್ಟುಕೊಳ್ಳಿ.

6. ಖಾಸಗಿ ಬದುಕು. ವಿದ್ಯಾರ್ಥಿ ತಾನಾಗಿ ಹೇಳಿದ ಮನೆಯ ಕಷ್ಟವನ್ನು ಕೇಳಬಹುದು, ಕೆದಕಬಾರದು. ಕೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹಂಚಬಾರದು. ಮದುವೆ, ಉಡುಪು, ರಾಜಕೀಯ, ಧಾರ್ಮಿಕ ಆಚರಣೆಗಳ ಬಗ್ಗೆ ತಮ್ಮ ಅಭಿಪ್ರಾಯವನ್ನು ಅಂಕ ಕೊಡುವ ಕೈ ಹೇರಬಾರದು. ಹಾಗೆಯೇ ಮಾರ್ಗದರ್ಶಕರು ತಮ್ಮ ಸಂಸಾರದ ಬೇಸರವನ್ನು ವಿದ್ಯಾರ್ಥಿಯ ಹೆಗಲಿಗೆ ಇಳಿಸಬಾರದು. ಪ್ರೇಮ ಮತ್ತು ದೈಹಿಕ ಸಲುಗೆಯ ವಿಷಯದಲ್ಲಿ ಎರಡು ಮಾತಿಲ್ಲ. ಅಂಕ ಕೊಡುವವರು ಮತ್ತು ಅಂಕ ಪಡೆಯುವವರ ನಡುವೆ ಅದಕ್ಕೆ ಜಾಗವೇ ಇಲ್ಲ.

ಮಾನಸಿಕ ಸಂಕಟ ಗಂಭೀರವಾಗಿದ್ದರೆ ಮಾರ್ಗದರ್ಶಕರು ತಾವೇ ವೈದ್ಯರಾಗಲು ಹೋಗಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ಸಂಖ್ಯೆ ಕೊಟ್ಟು ಕೈ ತೊಳೆದುಕೊಳ್ಳದೆ, ಜೊತೆಯಲ್ಲಿ ಕುಳಿತು ಕರೆ ಮಾಡಿಸುವುದು ಒಳ್ಳೆಯ ಮಾರ್ಗದರ್ಶಕರ ಲಕ್ಷಣ.

ನಿಯಮಗಳು ಏನು ಹೇಳುತ್ತವೆ?

ನಮ್ಮ ವಿದ್ಯಾರ್ಥಿಗಳು ಈ ಭಾಗವನ್ನು ಎರಡು ಸಲ ಓದಬೇಕೆಂದು ವಿನಂತಿ.

ಲೈಂಗಿಕ ಕಿರುಕುಳದ ವಿಷಯ: 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿ ನೀಡಿತು, 2013ರಲ್ಲಿ ಕಾನೂನು ಬಂತು. ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಯುಜಿಸಿ 2015ರ ಪ್ರತ್ಯೇಕ ನಿಯಮಾವಳಿ ರೂಪಿಸಿದೆ. ಅದರಂತೆ ಪ್ರತಿ ಸಂಸ್ಥೆಯಲ್ಲೂ ಹಿರಿಯ ಮಹಿಳಾ ಅಧ್ಯಾಪಕರ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲಾಗದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ದೂರುದಾರರ ಗುರುತು ಗುಟ್ಟಾಗಿರಬೇಕು. ನಮ್ಮ ಪಾಠಕ್ಕೆ ಅತಿ ಮುಖ್ಯವಾದ ಅಂಶವೆಂದರೆ, ವಿಚಾರಣೆ ನಡೆಯುವಾಗ ಆರೋಪಿತ ಅಧ್ಯಾಪಕರು ದೂರುದಾರ ವಿದ್ಯಾರ್ಥಿಯ ಪರೀಕ್ಷೆ ಮತ್ತು ಕೆಲಸದ ಮೌಲ್ಯಮಾಪನ ಮಾಡದಂತೆ ತಡೆಯಲು ಅವಕಾಶವಿದೆ. 'ದೂರು ಕೊಟ್ಟರೆ ಅವರ ಕೈಯಲ್ಲೇ ನನ್ನ ಅಂಕ ಇದೆಯಲ್ಲ' ಎಂಬ ಭಯಕ್ಕೆ ಇದು ಉತ್ತರ.

ಇತರ ಕುಂದುಕೊರತೆ: ದಾಖಲೆ ಪತ್ರ ತಡೆಹಿಡಿಯುವುದು, ವಿದ್ಯಾರ್ಥಿವೇತನ ವಿಳಂಬ, ತಾರತಮ್ಯ ಮುಂತಾದವುಗಳಿಗೆ ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇದೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಸಂಶೋಧನಾ ವಿದ್ಯಾರ್ಥಿಗಳಿಗೆ: 2022ರ ಪಿಎಚ್.ಡಿ. ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲಕ್ಕೆ ಗರಿಷ್ಠ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರುತ್ತದೆ, ಪ್ರತಿ ಸೆಮಿಸ್ಟರ್ ಅದರ ಮುಂದೆ ಪ್ರಗತಿ ಮಂಡಿಸಬೇಕು. ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ ಆಗಿರುವುದರಿಂದ, ತೊಂದರೆ ಅವರಿಂದಲೇ ಆಗಿದ್ದರೆ ಉಳಿದ ಸದಸ್ಯರ ಪರಿಚಯ ಉಪಯೋಗಕ್ಕೆ ಬರುತ್ತದೆ. ಮೊದಲ ಸೆಮಿಸ್ಟರ್‌ನಲ್ಲೇ ಅವರೊಂದಿಗೆ ಮಾತನಾಡುವ ಅಭ್ಯಾಸ ಮಾಡಿಕೊಳ್ಳಿ.

ಪಿಯುಸಿ ವಿದ್ಯಾರ್ಥಿಗಳಿಗೆ: 18 ವರ್ಷ ತುಂಬದವರು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಕ್ಕಳು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಅಪರಾಧ. 'ನಮ್ಮೊಳಗೇ ಮಾತನಾಡಿ ಮುಗಿಸೋಣ' ಎನ್ನುವ ಅಧಿಕಾರ ಟ್ರಸ್ಟಿಗೂ ಇಲ್ಲ, ಜಮಾಅತಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181.

ವಿದ್ಯಾರ್ಥಿಗಳಿಗೆ: 'ಇಲ್ಲ' ಎನ್ನುವ ಬಗೆ

ಮರ್ಯಾದೆ ಬಿಡದೆ 'ಇಲ್ಲ' ಎನ್ನಬಹುದು. ಕೆಲವು ಮಾತುಗಳನ್ನು ಅಭ್ಯಾಸ ಮಾಡಿಕೊಳ್ಳಿ. 'ಸರ್, ಭಾನುವಾರ ಮನೆಯಲ್ಲಿ ಕೆಲಸವಿದೆ, ಸೋಮವಾರ ಡಿಪಾರ್ಟ್‌ಮೆಂಟಿಗೆ ಬರುತ್ತೇನೆ.' 'ಮೇಡಂ, ಇದು ನನ್ನ ಪ್ರಾಜೆಕ್ಟಿಗೆ ಸೇರಿದ ಕೆಲಸವೇ?' 'ಸರ್, ನಾನು ಗೆಳತಿಯನ್ನು ಕರೆದುಕೊಂಡು ಬರುತ್ತೇನೆ.' ಒಳ್ಳೆಯ ಮಾರ್ಗದರ್ಶಕರಿಗೆ ಈ ಮಾತಿನಿಂದ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ಅದೇ ಒಂದು ಸೂಚನೆ.

ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ಸಂದೇಶಗಳನ್ನು ಅಳಿಸಬೇಡಿ. ಒಬ್ಬರೇ ಮಾರ್ಗದರ್ಶಕರನ್ನು ನೆಚ್ಚಿಕೊಳ್ಳದೆ ಇಬ್ಬರು ಮೂವರು ಅಧ್ಯಾಪಕರ ಪರಿಚಯ ಬೆಳೆಸಿಕೊಳ್ಳಿ. ಶಿಫಾರಸು ಪತ್ರಕ್ಕೆ ಒಂದೇ ಬಾಗಿಲು ಇರಬಾರದು.

ನಿಮ್ಮ ಕಡೆಗೂ ಗೆರೆಗಳಿವೆ. ಉಪನ್ಯಾಸಕರಿಗೂ ಸಂಸಾರವಿದೆ, ದಣಿವಿದೆ. ಅಸೈನ್‌ಮೆಂಟನ್ನು ಅವರೇ ಬರೆದುಕೊಡಲಿ ಎಂದು ನಿರೀಕ್ಷಿಸಬೇಡಿ. ಅಂಕ ಹೆಚ್ಚಿಸಲು ಸಲುಗೆಯನ್ನು ಬಳಸಬೇಡಿ. ಹೇಳಿದ ಸಮಯಕ್ಕೆ ಹೋಗಿ. ಫೇಲಾದರೆ ಮೊದಲು ತಿಳಿಸಿ, ಏಕೆಂದರೆ ಅವರು ಇರುವುದು ಆ ದಿನಕ್ಕಾಗಿಯೇ.

ಪೋಷಕರಿಗೆ

ಮಗಳು ಅಥವಾ ಮಗ ಬಾಯಿ ಬಿಟ್ಟರೆ ಮೊದಲ ಮಾತು 'ನೀನು ಹೇಳಿದ್ದು ಒಳ್ಳೆಯದಾಯಿತು' ಎಂದಿರಲಿ. ಎರಡನೆಯ ಮಾತು 'ನಿನ್ನ ಓದು ನಿಲ್ಲುವುದಿಲ್ಲ' ಎಂದಿರಲಿ. ಉಳಿದದ್ದೆಲ್ಲ ಆಮೇಲೆ. ಈ ಎರಡು ಮಾತು ಮನೆಯಲ್ಲಿ ಸಿಗುತ್ತದೆ ಎಂದು ಗೊತ್ತಿರುವ ಮಗುವನ್ನು ಹೆದರಿಸುವುದು ಯಾರಿಗೂ ಸುಲಭವಲ್ಲ.

ಅರ್ಜಿದಾರರ ಗಮನಕ್ಕೆ

ಈ ವರ್ಷದ ವಿದ್ಯಾರ್ಥಿವೇತನ ಅರ್ಜಿಯ ಕೊನೆಯ ಪುಟದಲ್ಲಿ ಮೇಲಿನ ಆರು ಗೆರೆಗಳನ್ನು ಮುದ್ರಿಸಲಾಗಿದೆ. ವಿದ್ಯಾರ್ಥಿ, ಪೋಷಕರು ಮತ್ತು ಮಾರ್ಗದರ್ಶಕರು ಮೂವರೂ ಓದಿ ಸಹಿ ಮಾಡತಕ್ಕದ್ದು. ವಿದ್ಯಾರ್ಥಿವೇತನ ಮಂಜೂರು ಮಾಡುವ ಸಮಿತಿಯಲ್ಲಿ ಮಾರ್ಗದರ್ಶಕರಿಗೆ ಸ್ಥಾನವಿರುವುದಿಲ್ಲ. ಸಲಹೆ ಕೊಡುವ ಕೈಯಲ್ಲಿ ಹಣದ ಕೀಲಿ ಇರಬಾರದು. ಕಾರಣ ಹೇಳದೆಯೂ ಮಾರ್ಗದರ್ಶಕರನ್ನು ಬದಲಾಯಿಸಿಕೊಳ್ಳುವ ಅವಕಾಶ ಪ್ರತಿ ವಿದ್ಯಾರ್ಥಿಗೂ ಇದೆ. ದೂರು ನೀಡಿದ ಕಾರಣಕ್ಕಾಗಿ ಯಾರ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ. ಕಾಲೇಜು ಬದಲಾಯಿಸಬೇಕಾಗಿ ಬಂದರೂ ಅದು ವಿದ್ಯಾರ್ಥಿಯ ಜೊತೆಗೇ ಹೋಗುತ್ತದೆ.

ದಾನಿಗಳು ಕೊಟ್ಟ ಹಣ ನಮ್ಮಲ್ಲಿರುವ ಅಮಾನತ್ತು. ಅದಕ್ಕೆ ಪ್ರತಿ ವರ್ಷ ಲೆಕ್ಕ ಒಪ್ಪಿಸುತ್ತೇವೆ. ಪೋಷಕರು ನಂಬಿ ಕಳಿಸಿದ ಮಕ್ಕಳು ಅದಕ್ಕಿಂತ ದೊಡ್ಡ ಅಮಾನತ್ತು. ಅದರ ಲೆಕ್ಕ ಒಪ್ಪಿಸುವುದೂ ನಮ್ಮ ಹೊಣೆ.

ಚರ್ಚೆಗೆ ಪ್ರಶ್ನೆಗಳು

1. ಒಬ್ಬ ಉಪನ್ಯಾಸಕರು ಬಡ ವಿದ್ಯಾರ್ಥಿಗೆ ಗುಟ್ಟಾಗಿ ಶುಲ್ಕ ಕಟ್ಟುತ್ತಾರೆ. ಇದರಲ್ಲಿ ಒಳ್ಳೆಯದೇನು, ಅಪಾಯವೇನು? ಅದೇ ಸಹಾಯವನ್ನು ಬೇರೆ ಹೇಗೆ ಮಾಡಬಹುದಿತ್ತು?

2. ಮಾರ್ಗದರ್ಶಕರು ಪ್ರತಿ ರಾತ್ರಿ 'ಊಟ ಆಯ್ತಾ' ಎಂದು ಸಂದೇಶ ಕಳಿಸುತ್ತಾರೆ. ವಿದ್ಯಾರ್ಥಿನಿ ಯಾವ ಮಾತಿನಲ್ಲಿ ಇದನ್ನು ನಿಲ್ಲಿಸಬಹುದು? ನಿಲ್ಲದಿದ್ದರೆ ಮುಂದೇನು?

3. ನಿಮ್ಮ ಕಾಲೇಜಿನ ಆಂತರಿಕ ಸಮಿತಿಯ ಅಧ್ಯಕ್ಷರು ಯಾರು? ಅವರ ಕೊಠಡಿ ಎಲ್ಲಿದೆ? ಗೊತ್ತಿಲ್ಲದಿದ್ದರೆ ಈ ವಾರವೇ ತಿಳಿದು ಮನೆಯಲ್ಲಿಯೂ ತಿಳಿಸಿ.